ಸಹಾಯ ಬೇಕು: ಹೋಲಿಕೆ ಸಿಕ್ಕಿದೆ, ವಾದ ಗಟ್ಟಿಯಾಗುತ್ತಿಲ್ಲ
ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಕಾದಂಬರಿಯ 1818 ಮತ್ತು 1831ರ ಆವೃತ್ತಿಗಳ ಬಗ್ಗೆ ಸಂಶೋಧನಾ ಲೇಖನ ಬರೆಯುತ್ತಿದ್ದೇನೆ. ಮೊದಲನೆಯದರಲ್ಲಿ, ಕಥಾನಾಯಕ ವಿಕ್ಟರನನ್ನು ಮದುವೆಯಾಗುವ ಎಲಿಜಬೆತ್ ಅವನ ಸೋದರತ್ತೆಯ ಮಗಳು. ಎರಡನೆಯದರಲ್ಲಿ ಬಡವರ ಮನೆಯಲ್ಲಿ ಬೆಳೆಯುತ್ತಿದ್ದು, ವಿಕ್ಟರನ ಮನೆಗೆ ಸಾಕುಮಗಳಾಗಿ ಬಂದ ಅನಾಥೆ. ಈ ಒಂದು ತಿದ್ದುಪಡಿಯಿಂದ ರಕ್ತಸಂಬಂಧದ ಕಲ್ಪನೆಯೇ ಅಲುಗಾಡುತ್ತದೆ ಎನ್ನುವುದು ನನ್ನ ಅನಿಸಿಕೆ. ಕರಡು ಓದಿದ ಮಾರ್ಗದರ್ಶಕರು, ‘ವ್ಯತ್ಯಾಸಗಳ ಪಟ್ಟಿ ಸರಿ, ವಾದ ಎಲ್ಲಿ?’ ಎಂದರು.

ಈ ಕಾದಂಬರಿಯ ಮೇಲಿನ ವಿಮರ್ಶೆಯನ್ನೆಲ್ಲ ಓದಿ ಮುಗಿಸಿಯೇ ಬರೆಯುತ್ತೇನೆಂದರೆ ಆಯುಷ್ಯ ಸಾಲದು. ಯಾರಿಗೆ ನೇರವಾಗಿ ಉತ್ತರಿಸಬೇಕು, ಯಾರನ್ನು ಅಡಿಟಿಪ್ಪಣಿಯಲ್ಲಿ ಮುಗಿಸಬೇಕು ಎಂದು ನೀವು ಹೇಗೆ ತೀರ್ಮಾನಿಸುತ್ತೀರಿ? ತಜ್ಞರ ಪರಿಶೀಲನೆ ದಾಟಿ ಪ್ರಕಟಿಸಿದವರು ಮೊದಲ ಪ್ಯಾರಾವನ್ನು ಹೇಗೆ ಕಟ್ಟಿದಿರಿ ಎಂದು ದಯವಿಟ್ಟು ತಿಳಿಸಿ. ಹಣ ಕಟ್ಟಿದರೆ ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕೆಗಳ ಹೆಸರು ಮಾತ್ರ ಬೇಡ.