ಸಹಾಯ ಬೇಕು: ಲಿನಕ್ಸ್ ಕರ್ನಲ್‌ನಲ್ಲಿ ಮೆಮೊರಿ ಫ್ರ್ಯಾಗ್ಮೆಂಟೇಶನ್ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕರ್ನಲ್ ಬಗ್ಗೆ ಗೊತ್ತಿರುವವರು ದಯವಿಟ್ಟು ಸ್ವಲ್ಪ ನೋಡಿ.

ನಮ್ಮ ಒಂದು ಸರ್ವರ್‌ನಲ್ಲಿ ಫ್ರೀ ಮೆಮೊರಿ ಬೇಕಾದಷ್ಟಿದೆ. ಆದರೂ 2 ಎಂಬಿ ಹ್ಯೂಜ್ ಪೇಜ್ (ಒಂದೇ ತುಂಡಾಗಿ ಸಿಗಬೇಕಾದ ದೊಡ್ಡ ಪೇಜ್) ಕೇಳಿದರೆ ಸಿಗುತ್ತಿಲ್ಲ. ಫ್ರೀ ಮೆಮೊರಿ ಚೂರುಚೂರಾಗಿ ಹರಡಿದೆ, ಅಂದರೆ ಫ್ರ್ಯಾಗ್ಮೆಂಟೇಶನ್ ಆಗಿದೆ ಅನ್ನಿಸುತ್ತದೆ. ಯಾವ ಗಾತ್ರದ ಫ್ರೀ ಬ್ಲಾಕ್ ಎಷ್ಟಿವೆ ಅಂತ ತೋರಿಸುವ ಬಡ್ಡಿಇನ್ಫೋ (buddyinfo) ಫೈಲ್ ತೆಗೆದು ನೋಡಿದೆ. ಅದರಲ್ಲಿ ಬ್ಲಾಕ್‌ನ ಗಾತ್ರಕ್ಕೆ ಆರ್ಡರ್ ಅಂತಾರೆ: ಆರ್ಡರ್ 0 ಅಂದರೆ ಒಂದು ಪೇಜ್, ಮುಂದಿನ ಪ್ರತಿ ಆರ್ಡರ್ ಹಿಂದಿನದರ ಎರಡರಷ್ಟು. ನಾರ್ಮಲ್ ಝೋನ್ (ಮೆಮೊರಿಯ ಒಂದು ವಿಭಾಗ) ಸಾಲಿನಲ್ಲಿ ಎಡಗಡೆ, ಅಂದರೆ ಆರ್ಡರ್ 0, 1ರಲ್ಲಿ, ದೊಡ್ಡ ದೊಡ್ಡ ಸಂಖ್ಯೆಗಳು. ಬಲಕ್ಕೆ ಹೋದಂತೆ ಕರಗುತ್ತಾ ಬಂದು, ಆರ್ಡರ್ 9, 10ರಲ್ಲಿ ಬರೀ ಸೊನ್ನೆ. 4 ಕೆಬಿ ಪೇಜ್‌ಗಳು ರಾಶಿ ಬಿದ್ದಿವೆ. ಒಟ್ಟಿಗೆ 512 ಪೇಜ್ ಇರುವ ಬ್ಲಾಕ್ ಮಾತ್ರ ಒಂದೂ ಇಲ್ಲ.

ಈ ಸ್ಥಿತಿಗೆ ಬರುವ ಮೊದಲೇ ಗ್ರಾಫ್‌ನಲ್ಲಿ ಕಾಣಬೇಕು. ಕರ್ನಲ್‌ನ ಒಳ ಮಾಹಿತಿ ತೋರಿಸುವ ಡೀಬಗ್‌ಎಫ್‌ಎಸ್‌ನಲ್ಲಿ (debugfs) ಇದಕ್ಕೆ ಎರಡು ಫೈಲ್‌ಗಳಿವೆ: ಎಕ್ಸ್‌ಟ್‌ಫ್ರ್ಯಾಗ್ ಇಂಡೆಕ್ಸ್ (extfrag_index), ಅನ್‌ಯೂಸಬಲ್ ಇಂಡೆಕ್ಸ್ (unusable_index). ಕೇಳಿದ ಬ್ಲಾಕ್ ಸಿಗದಿದ್ದಾಗ, ಎಕ್ಸ್‌ಟ್‌ಫ್ರ್ಯಾಗ್ ಇಂಡೆಕ್ಸ್ 0ಕ್ಕೆ ಹತ್ತಿರ ಇದ್ದರೆ ಮೆಮೊರಿಯೇ ಸಾಲದು, 1ಕ್ಕೆ ಹತ್ತಿರ ಇದ್ದರೆ ಫ್ರ್ಯಾಗ್ಮೆಂಟೇಶನ್ ಕಾರಣ. ಆದರೆ ಸಾಕಾಗುವಷ್ಟು ದೊಡ್ಡ ಬ್ಲಾಕ್ ಒಂದೇ ಒಂದು ಉಳಿದಿದ್ದರೂ ಅದು -1 ತೋರಿಸುತ್ತದೆ. ಮುಂಚೆ ಎಚ್ಚರಿಸೋಕೆ ಇದು ಆಗಲ್ಲ, ಅಲ್ವಾ? ಅನ್‌ಯೂಸಬಲ್ ಇಂಡೆಕ್ಸ್ ಹಾಗಲ್ಲ. ಫ್ರೀ ಇರುವುದರಲ್ಲಿ ಎಷ್ಟು ಪಾಲು ಆ ಆರ್ಡರ್‌ಗೆ ಪ್ರಯೋಜನವಿಲ್ಲ ಅಂತ ಅದು ಹೇಳುತ್ತದೆ. ನನಗೆ ಇದೇ ಸರಿ ಅನ್ನಿಸುತ್ತಿದೆ.

ನೀವು ಪ್ರೊಡಕ್ಷನ್‌ನಲ್ಲಿ ಯಾವುದನ್ನು ನಂಬುತ್ತೀರಿ? ಪೇಜ್‌ಗಳನ್ನು ಸರಿಸಿ ದೊಡ್ಡ ಬ್ಲಾಕ್ ಮಾಡುವ ಕೆಲಸಕ್ಕೆ ಕಾಂಪ್ಯಾಕ್ಷನ್ ಅಂತಾರೆ. ಅದಕ್ಕಾಗಿ ಕಾದದ್ದು, ಅದು ವಿಫಲವಾದದ್ದು ಎಷ್ಟು ಸಲ ಅಂತ ಎಣಿಸುವ ವಿಎಂಸ್ಟ್ಯಾಟ್‌ನ (vmstat) ಕಾಂಪ್ಯಾಕ್ಟ್ ಸ್ಟಾಲ್, ಕಾಂಪ್ಯಾಕ್ಟ್ ಫೇಲ್ ಕೌಂಟರ್‌ಗಳನ್ನೂ ಜೊತೆಗೆ ಇಡಬೇಕಾ? ಅನ್‌ಮೂವಬಲ್ (ಜಾಗ ಬದಲಿಸಲಾಗದ) ಪೇಜ್‌ಗಳ ಬ್ಲಾಕ್‌ಗಳು ಪ್ರತಿ ಝೋನ್‌ನಲ್ಲಿ ಎಷ್ಟಿವೆ ಅಂತ ಪೇಜ್‌ಟೈಪ್‌ಇನ್ಫೋ (pagetypeinfo) ಫೈಲ್‌ನಲ್ಲಿ ನೋಡಬಹುದು. ಕಾಂಪ್ಯಾಕ್ಷನ್‌ಗೂ ಜಗ್ಗದವು ಅವೇ. ಆದರೆ ಆ ಫೈಲ್ ಓದುವಾಗ ಕರ್ನಲ್ ಝೋನ್ ಲಾಕ್ ಹಿಡಿಯುತ್ತದೆ, ಅಷ್ಟು ಹೊತ್ತು ಆ ಝೋನ್‌ನ ಲಾಕ್ ಬೇಕಾದ ಬೇರೆ ಕೆಲಸ ಕಾಯಬೇಕು, ಹಾಗಾಗಿ ಪದೇ ಪದೇ ಓದಲು ಹಿಂಜರಿಕೆ. ಎಷ್ಟು ಹೊತ್ತಿಗೊಮ್ಮೆ ಓದಿದರೆ ತೊಂದರೆಯಿಲ್ಲ? ಅನುಭವ ಇದ್ದವರು ತಿಳಿಸಿ, ತುಂಬಾ ಉಪಕಾರವಾಗುತ್ತದೆ.