ಬದುಕು ಸುಧಾರಿಸಿದೆ ಅನ್ನೋಕೆ ಒಂದೇ ಒಂದು ಗಟ್ಟಿ ಉದಾಹರಣೆ ಕೊಡ್ತೀರಾ?

ಪಿಯುಸಿ ಮೇಷ್ಟ್ರು:
ನಮ್ಮ ಕಾಲೇಜಿನ ಹುಡುಗರು "ಸಾರ್, ಹಿಂದಿನ ಕಾಲವೇ ಚೆನ್ನಾಗಿತ್ತು" ಎನ್ನುತ್ತಾರೆ. ಸರಾಸರಿ ಆಯಸ್ಸಿನ ಅಂಕಿ ಹೇಳಿದರೆ ಆಕಳಿಸುತ್ತಾರೆ. ಮೊಬೈಲು, ರಸ್ತೆ ಬೇಡ. ಆಗ ಇದ್ದು ಈಗ ಇಲ್ಲದ ಒಂದು ಸಂಕಟ ಹೇಳಿ.

ಬಿಸಿಲೂರಿನ ಅಜ್ಜ:
ನಾರುಹುಣ್ಣು. ನಾನು ರಾಯಚೂರು ಕಡೆಯವನು. ಚಿಕ್ಕವನಿದ್ದಾಗ ಮೆಟ್ಟಿಲು ಬಾವಿಯ ನೀರೇ ಕುಡಿಯುತ್ತಿದ್ದೆವು. ಆ ನೀರಲ್ಲಿ ಸಣ್ಣ ಚಿಗಟ, ಅದರ ಹೊಟ್ಟೆಯಲ್ಲಿ ಹುಳದ ಮರಿ. ಕುಡಿದಾಗ ಏನೂ ಗೊತ್ತಾಗಲ್ಲ. ಹೆಚ್ಚು ಕಡಿಮೆ ವರ್ಷ ಕಳೆದ ಮೇಲೆ ಕಾಲಲ್ಲಿ ಬೊಬ್ಬೆ ಎದ್ದು ಒಡೆದು, ಬಿಳಿ ದಾರದಂಥ ಹುಳ ತಲೆ ಹೊರಗೆ ಹಾಕುತ್ತದೆ. 1 ಮೀಟರ್‌ವರೆಗೂ ಉದ್ದ ಇರುತ್ತದೆ. ಜಗ್ಗಿದರೆ ಒಳಗೇ ತುಂಡಾಗಿ ಕೀವಾಗುತ್ತದೆ. ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟು ಎಳೆಯಬೇಕು, ವಾರಗಟ್ಟಲೆ. ನಮ್ಮ ಚಿಕ್ಕಪ್ಪ ಸರಿಯಾಗಿ ಬಿತ್ತನೆ ಹೊತ್ತಿಗೆ ಮಲಗಿಬಿಟ್ಟರು. ಆ ವರ್ಷ ಹೊಲ ಬೇರೆಯವರಿಗೆ ಪಾಲಿಗೆ ಹೋಯಿತು.

ಪಿಯುಸಿ ಮೇಷ್ಟ್ರು:
ಅಬ್ಬಾ! ಮತ್ತೆ ಹೋಗಿದ್ದು ಹೇಗೆ? ಲಸಿಕೆನಾ?

ಬಿಸಿಲೂರಿನ ಅಜ್ಜ:
ಲಸಿಕೆ ಇಲ್ಲ, ಔಷಧಿಯೂ ಇಲ್ಲ. ಇವತ್ತಿಗೂ ಇಲ್ಲ! ಉರಿ ತಾಳದೆ ಜನ ಕಾಲನ್ನು ಬಾವಿಗೆ ಇಳಿಬಿಡುತ್ತಿದ್ದರು. ಹುಳ ಅಲ್ಲೇ ಮರಿ ಬಿಡುತ್ತಿತ್ತು, ಅದೇ ನೀರು ಊರಿಗೆಲ್ಲ. ಆ ಸುತ್ತು ಮುರಿಯಬೇಕಿತ್ತು, ಅಷ್ಟೆ. ಕೈಪಂಪು ಬಂತು. ಮೆಟ್ಟಿಲು ಇಳಿಯದಂತೆ ಬಾವಿಗೆ ಕಟ್ಟೆ ಕಟ್ಟಿದರು. ನೀರಿಗೆ ಆ ಚಿಗಟ ಸಾಯಿಸುವ ಟೆಮಿಫಾಸ್ ಎಂಬ ರಾಸಾಯನಿಕ ಹಾಕಿದರು. ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಬಂದು ಕಾಡಿದರು. ನಮ್ಮಜ್ಜಿ ಅವರನ್ನು ಬೈದು, ಅವರು ಹೋದ ಮೇಲೆ ಸೋಸುತ್ತಿದ್ದಳು.

ಭಾರತದಲ್ಲಿ ಕೊನೆಯ ಕೇಸು 1996ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶಕ್ಕೆ ಪ್ರಮಾಣಪತ್ರ ಕೊಟ್ಟಿತು. ಇಡೀ ಜಗತ್ತಿನಲ್ಲಿ 1986ರ ಅಂದಾಜು 35 ಲಕ್ಷ ಜನ, 2023ರಲ್ಲಿ 14 ಜನ. ಲಕ್ಷ ಅಲ್ಲ, ಬರೀ 14. ಈ ಅಂಕಿಗೂ ನಿಮ್ಮ ಹುಡುಗರು ಆಕಳಿಸಿದರೆ ನನ್ನ ಹತ್ತಿರ ಕಳಿಸಿ.

ಕೊಪ್ಪಳದವಳು:
ಅಜ್ಜ, ಸುಮ್ನೆ ಕೈಪಂಪನ್ನು ಹೊಗಳಬೇಡಿ. ನಮ್ಮ ಕಡೆ ಅದೇ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲು ಕಂದು, ದೊಡ್ಡವರಿಗೆ ಮೂಳೆ ನೋವು.

ಬಿಸಿಲೂರಿನ ಅಜ್ಜ:
ನಿಜ ಕಣಮ್ಮ, ನಮ್ಮಲ್ಲೂ ಇದೆ. ಶುದ್ಧ ನೀರಿನ ಘಟಕ ಕೆಟ್ಟರೆ ಕೇಳುವವರಿಲ್ಲ. ಅದಕ್ಕೆ ಜಗಳ ಆಡೋಣ, ನಾನೂ ಬರುತ್ತೇನೆ. ಆದರೆ ಹಳೇ ಬಾವಿಗೆ ವಾಪಸ್ ಹೋಗೋಣ ಅಂತ ನೀನೂ ಅನ್ನಲ್ಲ, ಅಲ್ವಾ?

ಪಿಯುಸಿ ಮೇಷ್ಟ್ರು:
ಆ 14 ಯಾಕೆ ಇನ್ನೂ ಸೊನ್ನೆ ಆಗಿಲ್ಲ?

ಬಿಸಿಲೂರಿನ ಅಜ್ಜ:
ಹೆಚ್ಚಾಗಿ ನಾಯಿಗಳಿಂದ. ಆಫ್ರಿಕಾದ ಚಾಡ್ ದೇಶದಲ್ಲಿ ಹುಳ ನಾಯಿಗಳಿಗೂ ಹತ್ತಿಕೊಂಡಿದೆ. ಹುಳ ಕಂಡ ನಾಯಿಯನ್ನು ಕಟ್ಟಿಹಾಕಿ ಸುದ್ದಿ ಕೊಟ್ಟವರಿಗೆ ಅಲ್ಲಿ ದುಡ್ಡು ಕೊಡುತ್ತಾರೆ. ಮೀನಿನ ಕರುಳಲ್ಲೂ ಹುಳದ ಮರಿ ಇರಬಹುದು, ಅದಕ್ಕೆ ನಾಯಿ ತಿನ್ನದಂತೆ ಅದನ್ನು ಹೂಳಿಸುತ್ತಾರೆ.