ಅಂಗೈಯಗಲದ ಹತ್ತರಿ: ಆಟಿಕೆಯಾ, ಉಪಕರಣವಾ?

ಹಲಸಿನ_ಹಲಗೆ: ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಮರ ಹೆರೆದು ನುಣುಪು ಮಾಡುವ ಪುಟ್ಟ ಕಬ್ಬಿಣದ ಹತ್ತರಿ ಸಿಕ್ಕಿತು. ಉದ್ದ ಮೂರೂವರೆ ಇಂಚು, ಅಲಗಿನ ಅಗಲ ಒಂದು ಇಂಚು. ಹೆಸರಿಲ್ಲ, ನಂಬರೂ ಇಲ್ಲ. ಮಾರುವವರು "ಸ್ಟಾನ್ಲಿ ನಂಬರ್ 1 ಸಾರ್, ಹಳೇ ಮಾಲು" ಅಂದರು (ಸ್ಟಾನ್ಲಿ ಅಂದ್ರೆ ಅಮೆರಿಕದ ಉಪಕರಣ ಕಂಪನಿ). ನಿಜಾನಾ? ಕೆಲಸಕ್ಕೆ ಬರುತ್ತಾ?

ಸಾಣೆಕಲ್ಲು: ನಂಬರ್ 1 ಅಲ್ಲವೇ ಅಲ್ಲ. ಅದು ಐದೂವರೆ ಇಂಚು ಉದ್ದ, ಹಿಂದೆ ಮರದ ಹಿಡಿ, ಮುಂದೆ ಮರದ ಗುಬ್ಬಿ ಇರುತ್ತದೆ. ಸಂಗ್ರಹಕಾರರು ಮುಗಿಬೀಳುವ ಮಾಲು, ಹಾಗಾಗಿ ನಕಲಿಗಳೂ ಇವೆ. ನಿಮ್ಮದು ಸ್ಟಾನ್ಲಿಯದೇ ಇನ್ನೊಂದು ಮಾದರಿ, 101ರ ಜಾತಿ. ಅಲಗು ಏರಿಸಿ ಇಳಿಸಲು ತಿರುಪು ಇಲ್ಲ, ಅಲಗನ್ನು ಒತ್ತಿ ಹಿಡಿಯುವ ಪಟ್ಟಿಗೆ ಒಂದೇ ಸ್ಕ್ರೂ, ಸರಿನಾ? ಆದರೆ 101ರ ನಕಲು ಮಾಡಿದವರು ಬಹಳ ಜನ. ಹೆಸರಿಲ್ಲದೆ ಸ್ಟಾನ್ಲಿ ಅಂತ ಹೇಳೋಕಾಗಲ್ಲ.

ತೇಗದ_ತುಂಡು: 101 ಅಮೆರಿಕದಲ್ಲಿ ಮಕ್ಕಳ ಟೂಲ್ ಪೆಟ್ಟಿಗೆಗೆ ಹಾಕುತ್ತಿದ್ದ ಆಟಿಕೆ. ಸುಮ್ನೆ ಶೋಕೇಸಿಗೆ ಇಡಿ. ಬಾಗಿಲು ಕೆಲಸಕ್ಕೆ ಇದನ್ನು ಹಿಡಿದರೆ ಮೇಸ್ತ್ರಿ ನಗುತ್ತಾರೆ.

ಸಾಣೆಕಲ್ಲು: ಬಾಗಿಲಿಗೆ ಯಾರು ಹಿಡಿಯಿರಿ ಅಂದರು? ಡ್ರಾಯರ್ ಅಂಚಿನ ಚೂಪು ಮುರಿಯಲು, ಒಂದು ಕೈಯಲ್ಲಿ ಕೆಲಸ ಹಿಡಿದು ಇನ್ನೊಂದರಲ್ಲಿ ಹತ್ತರಿ ಹೊಡೆಯಲು ಇದಕ್ಕಿಂತ ಚೆನ್ನಾಗಿರೋದು ಇಲ್ಲ. ಪಿಟೀಲು ಮಾಡುವವರ ಹಿತ್ತಾಳೆ ಹತ್ತರಿಗಳು ಇದಕ್ಕಿಂತಲೂ ಚಿಕ್ಕವು, ಬೆರಳಲ್ಲೇ ಹಿಡಿಯುವಂಥವು. ಅವೂ ಆಟಿಕೆನಾ?

ತೇಗದ_ತುಂಡು: ಆ ಕೆಲಸಕ್ಕೆ ಉಪ್ಪು ಕಾಗದ ಸಾಕು.

ಸಾಣೆಕಲ್ಲು: ಉಪ್ಪು ಕಾಗದ ಅಂಚನ್ನು ದುಂಡಗೆ ಮಾಡುತ್ತೆ, ಹತ್ತರಿ ಕೊಯ್ದ ಹಾಗೆ ಬಿಡುತ್ತೆ. ಬೀಟೆ ಮರದ ಮೇಲೆ ಎರಡನ್ನೂ ಹೊಡೆದು ಪಕ್ಕಪಕ್ಕ ಇಟ್ಟು ನೋಡಿ.

ಉಳಿ_ಕೊಡತಿ: ಕೆಲಸಕ್ಕೆ ಬೇಕಾದರೆ ಮೊದಲು ತಳ ಸಪಾಟು ಮಾಡಿ. ಗಾಜಿನ ಮೇಲೆ ಉಪ್ಪು ಕಾಗದ ಅಂಟಿಸಿ ಉಜ್ಜಿ.

ಸಾಣೆಕಲ್ಲು: ಅಯ್ಯೋ, ತಡೀರಿ! ಮೊದಲು ತಳಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ಸ್ಟಾನ್ಲಿ 100½ರ ತಳ ಉದ್ದಕ್ಕೂ ಅಡ್ಡಕ್ಕೂ ಉಬ್ಬಿರುತ್ತೆ, ಹಿಂದೆ ಅಳಿಲಿನ ಬಾಲದಂಥ ಹಿಡಿ. ತಗ್ಗಾದ ಜಾಗ ಕೆತ್ತಲು ಅದನ್ನು ಹಾಗೇ ಮಾಡಿದ್ದು. ಸವೆದಿದೆ ಅಂದುಕೊಂಡು ಉಜ್ಜಿದರೆ ಹತ್ತರಿಯೇ ಹಾಳು.

ಹಲಸಿನ_ಹಲಗೆ: ಬಾಲ ಇಲ್ಲ. ಸ್ಕೇಲ್ ಕೆಳಗೆ ಬೆಳಕೂ ಬರಲಿಲ್ಲ, ಸಪಾಟೇ ಇದೆ. ಆದರೆ ಅಲಗು ಎಷ್ಟು ಗಿಡ್ಡ ಅಂದ್ರೆ ಸಾಣೆ ಹಿಡಿಯೋಕೇ ಆಗ್ತಿಲ್ಲ, ಬೆರಳು ಕಲ್ಲಿಗೆ ತಾಗುತ್ತೆ.

ಉಳಿ_ಕೊಡತಿ: ಒಂದು ಮರದ ತುಂಡಿಗೆ ಗರಗಸದಿಂದ ಸೀಳು ಹಾಕಿ, ಅಲಗಿನ ಹಿಂಬದಿ ಅದರಲ್ಲಿ ಬಿಗಿಯಾಗಿ ಸಿಗಿಸಿ. ಉದ್ದ ಹಿಡಿ ಸಿಕ್ಕಂತಾಯ್ತು. ಸಾಣೆ ಹಿಡಿದ ಓರೆ ಮುಖ ಮೇಲ್ಗಡೆ ಬರುವಂತೆ ಕೂರುವ ಅಲಗಾದರೆ ಇನ್ನೊಂದು ಲಾಭ ಇದೆ. ಕೊಯ್ಯುವ ಕೋನ ಅಂದ್ರೆ ಅಲಗು ಮಲಗಿದ ಕೋನಕ್ಕೆ ಸಾಣೆಯ ಕೋನ ಕೂಡಿಸಿದ್ದು. 20 ಡಿಗ್ರಿಯಲ್ಲಿ ಮಲಗಿದ್ದರೆ 25ಕ್ಕೆ ಸಾಣೆ ಹಿಡಿದಾಗ 45. ಎಳೆ ಕಿತ್ತುಬರುವ ಮರಕ್ಕೆ 35ಕ್ಕೆ ಹಿಡಿಯಿರಿ, 55 ಆಗುತ್ತೆ.

ಹಲಸಿನ_ಹಲಗೆ: ತಿರುಪಿಲ್ಲದೆ ಅಲಗು ಎಷ್ಟು ಹೊರಗೆ ಬಿಡೋದು?

ಸಾಣೆಕಲ್ಲು: ಹತ್ತರಿಯನ್ನು ಸಪಾಟು ಹಲಗೆ ಮೇಲಿಟ್ಟು ಸ್ಕ್ರೂ ಸಡಿಲಿಸಿ. ಅಲಗು ತಾನಾಗಿ ಇಳಿದು ಹಲಗೆಗೆ ತಾಗುತ್ತೆ. ಹದವಾಗಿ ಬಿಗಿಸಿ, ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ಟಕ್ ಅಂತ ಒಂದೇಟು. ಜಾಸ್ತಿ ಬಿಗಿಸಬೇಡಿ, ಎರಕದ ಕಬ್ಬಿಣ ಬಿರುಕು ಬಿಡುತ್ತೆ.

ತೇಗದ_ತುಂಡು: ಇಷ್ಟೆಲ್ಲ ಮಾಡುವ ಹೊತ್ತಿಗೆ ನನ್ನ ಉಪ್ಪು ಕಾಗದದ ಕೆಲಸ ಮುಗಿದಿರುತ್ತೆ.

ಹಲಸಿನ_ಹಲಗೆ: ಇರಬಹುದು ಅಣ್ಣಾ. ಈಗಷ್ಟೇ ಹಲಸಿನ ಅಂಚಿಗೆ ಹೊಡೆದೆ, ಕೂದಲೆಳೆಯಷ್ಟು ತೆಳ್ಳಗೆ ಸಿಪ್ಪೆ ಬಂತು. ಎದುರು ಎಳೆಗೆ ಹೊಡೆದರೆ ಮಾತ್ರ ಇನ್ನೂ ಕೀಳ್ತಿದೆ. 35ಕ್ಕೆ ಸಾಣೆ ಹಿಡಿದು ನೋಡ್ತೀನಿ.